ನನ್ನ ದೇಹದ ವಯಸ್ಸು ಎಪ್ಪತ್ತೊಂಬತ್ತಂತೆ!

ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಅಧಿಕಾರ ಈ ಲೋಕದಲ್ಲಿ ಹೆಂಡತಿಗೆ ಉಂಟು, ಬಸ್ ಕಂಡಕ್ಟರಿಗೆ ಉಂಟು. ಮೊಬೈಲಿಗೂ ಉಂಟು ಎಂದು ನನಗೆ ಗೊತ್ತಿರಲಿಲ್ಲ.

“ನಮಸ್ಕಾರ ಕಮಲಾಕರ! ನಿಮ್ಮ ವಯಸ್ಸು ಅರವತ್ತೊಂದು. ಆದರೆ ನಿಮ್ಮ ದೇಹದ ವಯಸ್ಸು ಎಪ್ಪತ್ತೊಂಬತ್ತು. ಗಾಬರಿ ಬೇಡ, ನಿಮ್ಮ ಜೊತೆ ನಾವಿದ್ದೇವೆ!”

ಇದನ್ನು ಅದು ಹೇಳಿದ್ದು ನಾನು ಮೂರನೇ ತೆಳ್ಳೇವಿಗೆ, ಅಂದರೆ ನಮ್ಮ ಕಡೆಯ ತೆಳು ದೋಸೆಗೆ, ಜೋನಿಬೆಲ್ಲ ಹಚ್ಚಿಕೊಳ್ಳುತ್ತಿದ್ದ ಹೊತ್ತಿನಲ್ಲಿ. ಬರೇ ಕಮಲಾಕರ! ಹೆಗಡೆ ಇಲ್ಲ, ರಾಯರಿಲ್ಲ. ಅದರ ಜೊತೆ ನಾನೇನು ಕುಮಟೆಯ ಶಾಲೆಯಂಗಳದಲ್ಲಿ ಗೋಲಿ ಆಡಿದ್ದೇನೆಯೇ? ನನ್ನ ಅಪ್ಪ ತೀರಿಕೊಂಡದ್ದೇ ಎಪ್ಪತ್ತೊಂಬತ್ತರಲ್ಲಿ. ಅಂದರೆ ಇದರ ಪ್ರಕಾರ ನಾನು ಹೊರಡಬೇಕಾದ ಹೊತ್ತಿನಲ್ಲಿ ತಿಂಡಿ ತಿನ್ನುತ್ತ ಕೂತಿದ್ದೇನೆ ಎಂದಾಯಿತು.

“ಅಷ್ಟು ಬೇಗ ಗೊತ್ತಾತಾ ಅದಕ್ಕೆ?” ಎಂದಳು ನನ್ನ ಹೆಂಡತಿ ನರ್ಮದೆ, ಕಾವಲಿಯ ಮೇಲಿನ ಕಣ್ಣು ತೆಗೆಯದೆ. “ನಂಗೆ ಮೂವತ್ತು ವರ್ಷ ಬೇಕಾತು.”

ಇಷ್ಟಕ್ಕೂ ಆ ದರಿದ್ರ ಆಪನ್ನು ನಾನು ಆಸೆಯಿಂದ ಹಾಕಿಕೊಂಡವನಲ್ಲ. ಅದರ ಹೆಸರು ‘ಕಸುವು’. ಅದನ್ನು ಮಾಡಿದವನು ಹೊನ್ನಾವರದ ಸುಜಯ ಎಂಬ ಹುಡುಗ. ಮದುವೆಯಾದರೆ ಆ ಸುಜಯನನ್ನೇ ಎಂದು ಕೂತವಳು ಅರ್ಚಿತಾ, ನನ್ನ ಅಕ್ಕನ ಮಗಳು, ಕುಮಟೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಅಕ್ಕ ಬೇಗ ಹೋದಳು. ಅರ್ಚಿತಾಗೆ ಜಡೆ ಹಾಕಿದವಳು ನರ್ಮದೆ, ಸೈಕಲ್ ಕಲಿಸಿದವನು ನಾನು. ಬಿದ್ದದ್ದು ಇಬ್ಬರೂ. ಆ ಕೂಸಿನ ಕಣ್ಣಲ್ಲಿ ನೀರು ಬಂದರೆ ನನಗೆ ಊಟ ಸೇರುವುದಿಲ್ಲ.

ಆದರೆ ಅವಳ ಅಪ್ಪ, ಮಿರ್ಜಾನದ ಶಂಭು ಭಾವ, ಈ ಆಪು ಎನ್ನುವುದು ಉದ್ಯೋಗವೋ ಕಾಯಿಲೆಯೋ ಎಂದು ತಿಳಿಯದೆ ನಮ್ಮ ಮನೆಗೆ ಬಂದು ಎಲೆ ಅಡಕೆಯ ಕವಳ ಹಾಕುತ್ತ ಕೂತ.

“ಗದ್ದೆ ಆದ್ರೆ ಮಣ್ಣು ಮುಟ್ಟಿ ನೋಡ್ತೆ. ಅಡಕೆ ಆದ್ರೆ ಕತ್ತರಿಸಿ ನೋಡ್ತೆ. ಈ ಆಪು ಹೇಳದನ್ನ ಎಂತ ಮಾಡಿ ನೋಡದು ಮಾರಾಯಾ? ಹುಡುಗ ಚೊಲೋ ಇದ್ದ ಹೇಳಿ ಕೂಸು ಹೇಳ್ತು. ಅಂವನ ಕಂಪನಿ ನಾಳೆ ಮುಳುಗಿದ್ರೆ? ನೀ ಊರೆಲ್ಲಾ ತಿರುಗಿ ಎಮ್ಮೆ ನೋಡಿ ಸಾಲ ಪಾಸು ಮಾಡ್ಸಿದವ. ಒಂದ್ಸಲ ಹೋಗಿ ನೋಡ್ಕಂಡು ಬಾ. ನಿನ್ನ ಮಾತೇ ಅಖೇರಿ. ಹೂಂ ಹೇಳಿದ್ರೆ ಆಷಾಢದೊಳಗೆ ನಿಶ್ಚಯ. ಊಹೂಂ ಹೇಳಿದ್ರೆ ಬೇರೆ ಜಾತಕ ಇದ್ದು.”

ಭಾವ ಹೇಳಿದ್ದರಲ್ಲಿ ಸುಳ್ಳಿಲ್ಲ. ಸಹಕಾರಿ ಸಂಘದ ಸುಪರ್ವೈಸರ್ ಆಗಿ ನಾನು ನೋಡದ ಎಮ್ಮೆ ಈ ತಾಲೂಕಿನಲ್ಲಿ ಹುಟ್ಟಿರಲಿಲ್ಲ. ಎಮ್ಮೆ ಮಾರುವವರ ಉಪಾಯವೆಲ್ಲ ನನಗೆ ಗೊತ್ತು. ಗಿರಾಕಿ ಬರುವ ದಿನ ಒಂದು ಹೊತ್ತು ಹಾಲು ಕರೆಯದೆ ಬಿಟ್ಟರೆ ಕೆಚ್ಚಲು ಬಿಗಿದು, ನೋಡಿದವನ ಬಾಯಲ್ಲಿ ನೀರೂರುತ್ತದೆ. ಅದಕ್ಕೇ ನಾನು ಕೆಚ್ಚಲು ನೋಡಿ ಬರೆದವನೇ ಅಲ್ಲ. ಎರಡು ಹೊತ್ತೂ ಕೂತು, ನನ್ನ ಎದುರಿಗೇ ಕರೆಸಿ, ಆಮೇಲೆ ಸಹಿ. ಇನ್ನೊಂದು ಮಾತನ್ನು ನನ್ನ ಅಪ್ಪ ಹೇಳುತ್ತಿದ್ದ: ಒದೆಯುವ ಕಾಲು ಯಾವುದೆಂದು ತಾನೇ ತೋರಿಸಿಕೊಡುವ ಮಾರುವವ ಸಿಕ್ಕಿದರೆ, ಎಮ್ಮೆಯನ್ನು ಕಣ್ಣು ಮುಚ್ಚಿ ಹೊಡೆದುಕೊಂಡು ಬಾ. ಅಂಥವನು ನನ್ನ ಇಡೀ ಸರ್ವೀಸಿನಲ್ಲಿ ಸಿಕ್ಕಿರಲಿಲ್ಲ.

ಹೀಗೆ ನಾನು ಹೊನ್ನಾವರಕ್ಕೆ ಹೋದೆ. ಕಂಪನಿ ಇದ್ದದ್ದು ಬಲೆ ಮಾರುವ ಅಂಗಡಿಯ ಮಾಳಿಗೆಯಲ್ಲಿ. ಏಣಿಯಂಥ ಮೆಟ್ಟಿಲು. ಹತ್ತಿ ಮುಗಿಯುವಾಗ ನನ್ನ ಉಸಿರು ನನ್ನ ಹಿಂದೆ ಎಲ್ಲೋ ಉಳಿದಿತ್ತು. ಗೋಡೆಯ ತುಂಬ ‘ಎದ್ದೇಳಿ, ಓಡಿ, ಗೆಲ್ಲಿ’ ಎಂಬ ಪೋಸ್ಟರುಗಳು. ಅದರ ಕೆಳಗೆ ಇಡೀ ಕಂಪನಿ ಕುರ್ಚಿಯಲ್ಲಿ ಕೂತು ಬನ್ಸ್ ತಿನ್ನುತ್ತಿತ್ತು.

ಇಡೀ ಕಂಪನಿ ಎಂದರೆ ಮುಖ್ಯವಾಗಿ ಇಬ್ಬರು. ಸುಜಯ ತೆಳ್ಳಗಿನ, ಕನ್ನಡಕದ, ಮಾತು ಕಮ್ಮಿ ಹುಡುಗ. ಅವನ ಪಾಲುದಾರ ಸಂದೇಶ. ಸುಜಯ ಆಡದೆ ಉಳಿಸಿದ ಮಾತನ್ನೆಲ್ಲ ಅವನೇ ಖರ್ಚು ಮಾಡುತ್ತಿದ್ದ.

“ಎಷ್ಟು ಜನ ಉಪಯೋಗಿಸ್ತಾರೆ?” ಎಂದು ಕೇಳಿದೆ.

“ಹತ್ತಾರು ಸಾವಿರ ಡೌನ್‌ಲೋಡು ಸಾರ್!” ಎಂದ ಸಂದೇಶ.

“ಡೌನ್‌ಲೋಡು ಕೇಳ್ಲಿಲ್ಲ. ಅದು ಕೆಚ್ಚಲು. ಹಾಲು ಎಷ್ಟು?”

“ಸಾರ್?”

“ಹಾಕ್ಕೊಂಡವರು ಎರಡನೇ ದಿನ ತೆರೆದು ನೋಡ್ತಾರಾ?”

ಸುಜಯ ಬಾಯಿ ತೆರೆದ. ಅಷ್ಟರಲ್ಲಿ ಸಂದೇಶ, “ಬನ್ಸ್ ತಗೊಳ್ಳಿ ಸಾರ್, ಬಿಸಿ ಉಂಟು” ಎಂದು ತಟ್ಟೆಯನ್ನು ನಮ್ಮಿಬ್ಬರ ನಡುವೆ ತಂದಿಟ್ಟ. ಬನ್ಸ್ ಚೆನ್ನಾಗಿತ್ತು ಎಂಬುದನ್ನು ನಾನು ನ್ಯಾಯವಾಗಿ ಹೇಳಲೇಬೇಕು.

“ಲಾಭ ಎಲ್ಲಿಂದ?” ಎಂದೆ, ಎರಡನೆಯದನ್ನು ಮುಗಿಸಿ.

“ಮೊದ್ಲು ಬೆಳೀಬೇಕು ಸಾರ್. ಲಾಭ ಆಮೇಲೆ. ಎಲ್ಲ ದೊಡ್ಡ ಕಂಪನಿಗಳೂ ಹಾಗೇ. ಸದ್ಯದಲ್ಲೇ ಮುಂಬೈಯಿಂದ ಸಂಪದಾ ಮೇಡಂ ನೋಡ್ಲಿಕ್ಕೆ ಬರ್ತಾರೆ. ಅವರು ಬಂಡವಾಳ ಹಾಕಿದ್ರೆ ಆಕಾಶವೇ ನಮ್ದು.”

ಎಮ್ಮೆ ಮೊದಲು ದಪ್ಪ ಆಗಲಿ, ಹಾಲು ಆಮೇಲೆ ನೋಡುವಾ ಎಂದ ಹಾಗಾಯಿತು. ಅಂಥದ್ದನ್ನು ನಮ್ಮ ಸಂಘದಲ್ಲಿ ಗೊಡ್ಡು ಎಂದು ಬರೆಯುತ್ತಿದ್ದೆವು. ಆದರೂ ಎದುರಿಗೇ ಕರೆದು ನೋಡದೆ ಬರೆಯಬಾರದಲ್ಲ? ಅದಕ್ಕೇ ಅವರು ಕೊಟ್ಟ ಕಪ್ಪು ಕೈಪಟ್ಟಿಯನ್ನು ಕಟ್ಟಿಸಿಕೊಂಡೆ. ನಾಡಿ, ನಡಿಗೆ, ನಿದ್ದೆ, ಕೊನೆಗೆ ಮನಸ್ಸಿನ ಶಾಂತಿಯನ್ನೂ ಅದು ಅಳೆದು ಮೊಬೈಲಿಗೆ ಹೇಳುತ್ತದಂತೆ. ಮಾರನೇ ಬೆಳಿಗ್ಗೆಯೇ ಅದು ನನ್ನ ಮಾನ ಕಳೆದದ್ದು.

ಮಾನ ಮನೆಯೊಳಗೇ ಹೋಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನರ್ಮದೆ ಅದನ್ನು ಫೋನಿನಲ್ಲಿ ಒಬ್ಬರಿಗೆ ಹೇಳಿದಳು. ನಾನು ಸಂತೆಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. “ಎಪ್ಪತ್ತೊಂಬತ್ತಾಯ್ತಂತೆ ಹೆಗಡೇರೆ? ಕಾಣೋದಿಲ್ಲಪ್ಪ!” ಎಂದು ತರಕಾರಿಯ ಹೇಮಾ ಹೊಗಳಿದಳು. ಹೊಗಳಿ, ಚೀಲ ಹೊರಲು ಆಗುತ್ತದಾ ಎಂದೂ ಕೇಳಿದಳು. ಬಸ್ಸಿನಲ್ಲಿ ನನಗಿಂತ ಹಿರಿಯನೊಬ್ಬ ಎದ್ದು ನನಗೆ ಸೀಟು ಬಿಟ್ಟುಕೊಟ್ಟ. ರಕ್ತ ಕುದಿಯಿತು ನನಗೆ. ಕೂತುಕೊಂಡೇ ಕುದಿಸಿಕೊಂಡೆ.

ಅದು ಭಟ್ಕಳದ ಬಸ್ಸು. ಆಪಿನಲ್ಲಿ ಭಟ್ಕಳದ ಬಟ್ಟೆ ವ್ಯಾಪಾರಿ ಜಾವೇದ್ ಸಾಹೇಬರ ಎರಡು ಫೋಟೋ ಹಾಕಿದ್ದರು. ಒಂದರಲ್ಲಿ ಅವರು ಗುಂಡಗೆ, ಇನ್ನೊಂದರಲ್ಲಿ ತೆಳ್ಳಗೆ. ನಡುವೆ ‘ಕಸುವಿನ ಪವಾಡ’ ಎಂದು ಬರೆದಿತ್ತು. ಪವಾಡವನ್ನು ಕಣ್ಣಾರೆ ನೋಡದೆ ಬಿಡುವವನೇ ನಾನು?

ಸಾಹೇಬರು ಅಂಗಡಿಯ ಗಾದಿಯ ಮೇಲೆ ಮೊದಲನೇ ಫೋಟೋದ ಹಾಗೆಯೇ ಗುಂಡಗೆ ಕೂತಿದ್ದರು. ಚಹಾ ಕೊಟ್ಟರು, ಹಲ್ವಾ ಕೊಟ್ಟರು, ವಿಷಯ ಕೇಳಿ ಹೊಟ್ಟೆ ಕುಣಿಸಿ ನಕ್ಕರು.

“ಅಯ್ಯೋ ಹೆಗಡೇರೆ, ನಂಗೆ ಆಗ ಕಾಮಾಲೆ ಆಗಿತ್ತು ಮಾರಾಯ್ರೆ! ತಿಂಗಳುಗಟ್ಟಲೆ ಗಂಜಿ. ಮೈಯಲ್ಲಿ ಎಂತ ಉಳೀತದೆ? ಆ ಸಂದೇಶ ಬಂದು ಫೋಟೋ ತೆಗೀತೇನೆ ಅಂದ. ಪಾಪ, ಚಂದ ಮಾಡಿ ಕೇಳಿದ. ತೆಗಿ ಅಂದೆ. ಇನ್ನೊಂದು ತುಂಡು ಹಲ್ವಾ ತಗೊಳ್ಳಿ.”

ಕಾಮಾಲೆಯನ್ನು ಪವಾಡ ಎಂದು ಮಾರುವುದೆಂದರೆ! ನಾನು ಉರಿಯುತ್ತ ಬಸ್ಸು ಹತ್ತಿದೆ. ಈಗಲೇ ಶಂಭು ಭಾವನಿಗೆ ಊಹೂಂ ಎಂದು ಫೋನು ಮಾಡುವವನಿದ್ದೆ. ಮೊಬೈಲು ತೆಗೆದರೆ ಅದು ತಾನೇ ಮಾತಾಡಿತು: “ಅದ್ಭುತ ಕಮಲಾಕರ! ಇಂದು ನೀವು ಕುಮಟಾದಿಂದ ಭಟ್ಕಳದವರೆಗೆ ಓಡಿದ್ದೀರಿ! ನಿಮ್ಮ ದೇಹದ ವಯಸ್ಸು ಈಗ ಐವತ್ತೆಂಟು!”

ನಮ್ಮ ಹೆದ್ದಾರಿಯನ್ನು ಅಗಲ ಮಾಡಲು ಹಿಡಿದು ಎಷ್ಟೋ ಮಳೆಗಾಲ ಕಳೆದಿವೆ. ಮುಗಿದ ಭಾಗಕ್ಕಿಂತ ಹೊಂಡದ ಭಾಗವೇ ಗಟ್ಟಿಮುಟ್ಟಾಗಿದೆ. ಆ ಹೊಂಡಗಳಲ್ಲಿ ಬಸ್ಸು ಕುಣಿದದ್ದನ್ನು ಕೈಪಟ್ಟಿ ನನ್ನ ಓಟ ಎಂದು ತಿಳಿದಿತ್ತು. ಇದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಾದರೂ ಐವತ್ತೆಂಟು ಎಂಬ ಅಂಕಿಯನ್ನು ಕುಮಟೆ ಬರುವವರೆಗೆ ನೋಡಿಕೊಂಡೇ ಇದ್ದೆ. ಭಾವನಿಗೆ ಫೋನು ಮಾಡುವುದು ಮರೆತುಹೋಯಿತು.

“ಓಡಿದ್ದು ಬಸ್ಸು,” ಎಂದಳು ನರ್ಮದೆ. “ಪುಣ್ಯ ಎಲ್ಲಾ ಕೂತವ್ರಿಗಾ?”

“ಹಂಗಾದ್ರೆ ಇದು ತಪ್ಪು ಹೇಳಿ ಎಲ್ಲರೆದುರು ತೋರ್ಸವು,” ಎಂದೆ.

ತಕ್ಕಡಿಯ ಮೇಲೆ ಸಂಶಯ ಬಂದರೆ ತೂಕ ಗೊತ್ತಿರುವ ವಸ್ತುವನ್ನು ಇಟ್ಟು ನೋಡಬೇಕು, ಇದು ಸಂಘದ ಪದ್ಧತಿ. ನಮ್ಮ ಬೇಲಿಯಾಚೆ ಸುಕ್ರಿಯ ಮನೆ. ಹಾಲಕ್ಕಿ ಒಕ್ಕಲಿಗರ ವಯಸ್ಸಾದ ಹೆಂಗಸು, ತರಕಾರಿ ಬೆಳೆಯುತ್ತಾಳೆ, ಹಾಡು ಹೇಳುತ್ತ ಹಾಲು ಕರೆಯುತ್ತಾಳೆ, ಜಗಳವನ್ನೂ ಹೆಚ್ಚು ಕಡಿಮೆ ಅದೇ ರಾಗದಲ್ಲಿ ಆಡುತ್ತಾಳೆ. ಅವಳ ಎಮ್ಮೆ ಬೆಳ್ಳಿ. ಹಣೆಯ ಮೇಲಿನ ಒಂದು ಬಿಳಿ ಮಚ್ಚೆ ಬಿಟ್ಟರೆ ಅದರಲ್ಲಿ ಬೆಳ್ಳಿಯದು ಏನೂ ಇಲ್ಲ. ಆ ಎಮ್ಮೆಯ ಆರೋಗ್ಯ ನನಗೆ ನನ್ನದಕ್ಕಿಂತ ಚೆನ್ನಾಗಿ ಗೊತ್ತು. ಎಮ್ಮೆಯ ನಾಡಿ ಸಿಗುವುದು ಬಾಲದ ಬುಡದಲ್ಲಿ, ಒಳಮಗ್ಗುಲಿಗೆ. ಕೈಪಟ್ಟಿಯನ್ನು ಬಿಚ್ಚಿ ಅಲ್ಲಿಗೇ ಕಟ್ಟಿದೆ.

“ಎಂತ ಹೆಗಡೇರೆ ಅದು, ನಮ್ಮ ಬೆಳ್ಳಿಗೆ ವಾಚು?” ಎಂದಳು ಸುಕ್ರಿ.

“ವಾಚಲ್ಲ. ಪರೀಕ್ಷೆ.”

“ಪಾಸಾದ್ರೆ ಎಂತ ಸಿಕ್ತದೆ ಅದಕ್ಕೆ?”

“ನೋಡುವಾ,” ಎಂದೆ. ಹಾಗೆಂದದ್ದು ಮುಂದೆ ನನ್ನ ಕುತ್ತಿಗೆಗೆ ಬಂತು.

ಮೊಬೈಲನ್ನು ಕೊಟ್ಟಿಗೆಯ ಗೂಟದಲ್ಲಿ ಚೀಲಕ್ಕೆ ಹಾಕಿ ತೂಗಿಸಿದೆ. ಎಮ್ಮೆಯನ್ನು ಒಂದೇ ಹೊತ್ತು ನೋಡಿ ಬರೆಯಬಾರದು ಎಂಬ ನನ್ನದೇ ನಿಯಮದಂತೆ ವಾರವಿಡೀ ಬಿಟ್ಟೆ. ದಿನ ದಿನಕ್ಕೂ ಹೊಗಳಿಕೆ ಏರಿತು. “ಕಮಲಾಕರ, ನಿಮ್ಮ ನಾಡಿ ಕ್ರೀಡಾಪಟುವಿನದು!” “ಕಮಲಾಕರ, ಕೈಗಳ ವ್ಯಾಯಾಮ ಅತ್ಯುತ್ತಮ!” ಇದು ಬಾಲ ಬೀಸಿದ್ದಕ್ಕೆ. “ಕಮಲಾಕರ, ಮಧ್ಯಾಹ್ನ ಈಜಿದ್ದೀರಿ, ಭೇಷ್!” ಇದು ಹೊಂಡದ ಕೆಸರಿಗೆ. “ಕಮಲಾಕರ, ಇಷ್ಟು ಶಾಂತವಾದ ಮನಸ್ಸನ್ನು ನಾವು ನೋಡಿಯೇ ಇಲ್ಲ!” ವಾರದ ಕೊನೆಗೆ ದೇಹದ ವಯಸ್ಸು ಇಪ್ಪತ್ತಾರು.

ನನಗೆ ಸಿಟ್ಟು ಬಂದದ್ದು ಯಾರ ಮೇಲೆ ಎಂದು ಕೇಳಬೇಡಿ. ಮೊದಲು ಆಪಿನ ಮೇಲೆ ಬಂತು. ಆಮೇಲೆ ಬೆಳ್ಳಿಯ ಮೇಲೂ ಸ್ವಲ್ಪ ಬಂತು. ಅದು ಮೆಲುಕು ಹಾಕುತ್ತ ನನ್ನನ್ನು ನೋಡಿದ ರೀತಿ ನನಗೆ ಸರಿಕಾಣಲಿಲ್ಲ. ಆದರೆ ಪುರಾವೆ ಸಿಕ್ಕಿತಲ್ಲ! ಅಂಗಿ ತೊಟ್ಟು ಮಿರ್ಜಾನಕ್ಕೆ ಹೊರಡುವಷ್ಟರಲ್ಲಿ ಸಂದೇಶನ ಫೋನು ಬಂತು.

“ಸಾರ್, ಕಂಗ್ರಾಜುಲೇಶನ್ಸ್! ಇಡೀ ಜಿಲ್ಲೆಯಲ್ಲಿ ನಿಮ್ಮಷ್ಟು ಆರೋಗ್ಯವಂತರು ಬೇರೆ ಇಲ್ಲ! ಎಪ್ಪತ್ತೊಂಬತ್ತರಿಂದ ಇಪ್ಪತ್ತಾರು! ಈ ಭಾನುವಾರ ಕುಮಟೆಯಲ್ಲಿ ಸಭೆ, ಸಂಪದಾ ಮೇಡಂ ಕೈಯಿಂದ ನಿಮ್ಗೆ ‘ಕಸುವು ರತ್ನ’! ಬ್ಯಾನರು ಆಗ್ಲೇ ಕಟ್ಟಿ ಆಯ್ತು.”

“ಏ, ನಿಲ್ಲು ಮಾರಾಯಾ. ಅದು ನಾನಲ್ಲ, ಅದು…”

“ನಿಮ್ಮ ಈ ವಿನಯಕ್ಕೇ ಸಾರ್ ಇಪ್ಪತ್ತಾರು!” ಎಂದು ಇಟ್ಟೇಬಿಟ್ಟ.

ಬಾಗಿಲು ತೆರೆದರೆ ಎದುರಿಗೆ ಶಂಭು ಭಾವ, ಕೈಯಲ್ಲಿ ಮಿಠಾಯಿ ಪೊಟ್ಟಣ. “ನೀ ಗೆದ್ದೆ ನೋಡು ಕಮಲಾಕರ! ನಿನ್ನಂಥ ನಿನ್ನನ್ನೇ ನೆಟ್ಟಗೆ ಮಾಡಿದ್ದು ಹೇಳಾದ್ರೆ ಆ ಆಪು ಸಾಮಾನ್ಯದ್ದಲ್ಲ. ನಂಗೆ ಬೇರೆ ಪುರಾವೆ ಎಂತಕ್ಕೂ ಬೇಡ. ಭಾನುವಾರ ಸಭೆ ಮುಗೀಲಿ, ಅಲ್ಲೇ ಮಾತು ಕೊಡ್ತೆ.”

ಭಾವನ ಹಿಂದೆ ಅರ್ಚಿತಾ ನಿಂತಿದ್ದಳು. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. “ಮಾವ, ನೀ ಎಂತ ಮಾಡಿದ್ಯೋ ಗೊತ್ತಿಲ್ಲೆ. ಅಪ್ಪ ಒಪ್ಪಿದ್ದ. ಎರಡು ವರ್ಷದಿಂದ ಆಗದ್ದು ಒಂದು ವಾರದಲ್ಲಿ ಆತು.” ಅವಳ ಕಣ್ಣಲ್ಲಿ ನೀರಿತ್ತು. ನನಗೆ ಊಟ ಸೇರದೆ ಹೋಗುವ ಬಗೆಯದಲ್ಲ, ಇನ್ನೊಂದು ಬಗೆಯದು. ಎಮ್ಮೆಯ ಮಾತು ಎತ್ತುವ ಬದಲು ಭಾವನ ಪೊಟ್ಟಣದಿಂದ ಒಂದು ಮಿಠಾಯಿ ಬಾಯಿಗೆ ಹಾಕಿಕೊಂಡೆ.

ನೋಡಿ ನನ್ನ ಪರಿಸ್ಥಿತಿಯನ್ನು! ನಿಜ ಹೇಳಿದರೆ ಕಂಪನಿ ಹೋಯಿತು, ಅದರ ಹಿಂದೆ ಕೂಸಿನ ಮದುವೆ ಹೋಯಿತು. ಹೇಳದಿದ್ದರೆ ಒಂದೂ ಸುಳ್ಳು ವರದಿ ಬರೆಯದ ಕಮಲಾಕರ ಹೆಗಡೆ ಎಮ್ಮೆಗೆ ಬಂದ ಶಾಲು ಹೊದೆದುಕೊಂಡು ತಿರುಗಬೇಕು. ನರ್ಮದೆಗೆ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು, ಅಲ್ಲಿಂದ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಮೇಲೆ, “ಕೂಸಿನ ಸಲುವಾಗಿ ಹೊದ್ಕಂಬಿಡಿ. ಬೆಳ್ಳಿ ಎಂತ ಕೋರ್ಟಿಗೆ ಹೋಗ್ತಾ?” ಎಂದಳು.

ಕೊನೆಗೆ ನಾನು ಒಂದು ದಾರಿ ಮಾಡಿಕೊಂಡೆ. ಶಾಲು ತೆಗೆದುಕೊಳ್ಳುವುದು, ಆದರೆ ಬಾಯಿಯಿಂದ ಒಂದೂ ಸುಳ್ಳು ಹೇಳುವುದಿಲ್ಲ. ಕೇಳಿದ್ದಕ್ಕೆ ನಿಜವಾದ ಉತ್ತರವನ್ನೇ ಕೊಡುವುದು, ಯಾರದು ಎಂದು ಮಾತ್ರ ಹೇಳದಿರುವುದು.

ಭಾನುವಾರ ಸಭಾಭವನ ತುಂಬಿತ್ತು. ಬೆಳಗಿನ ವಾಕಿಂಗಿನವರು, ನಿವೃತ್ತ ಮಾಸ್ತರರು, ನನ್ನ ಎಪ್ಪತ್ತೊಂಬತ್ತನ್ನು ಹೊಗಳಿದ ಹೇಮಾ, ಎಲ್ಲರೂ ಬಂದಿದ್ದರು. ಮುಂದಿನ ಸಾಲಿನಲ್ಲಿ ನರ್ಮದೆ, ಅರ್ಚಿತಾ, ಶಂಭು ಭಾವ. ಹಿಂದೆ ಬಾಗಿಲ ಹತ್ತಿರ ಸುಕ್ರಿ ನಿಂತಿದ್ದಳು. ಅವಳನ್ನು ಯಾರು ಕರೆದರೋ ಗೊತ್ತಿಲ್ಲ. ಸಂಪದಾ ಮೇಡಂ ಸೀರೆಯ ಕೆಳಗೆ ಓಟದ ಶೂ ಹಾಕಿಕೊಂಡು ಬಂದಿದ್ದರು. ಶಾಲು ಹೊದಿಸಿದರು. ನನಗೆ ಮೈಯೆಲ್ಲ ತುರಿಸಿತು.

“ಈಗ ಹೆಗಡೇರು ತಮ್ಮ ದಿನಚರಿಯ ಗುಟ್ಟು ಹೇಳ್ತಾರೆ!” ಎಂದು ಸಂದೇಶ ಮೈಕು ನನ್ನ ಬಾಯಿಗೆ ಹಿಡಿದ.

“ಎಷ್ಟು ಹೊತ್ತಿಗೆ ಏಳೋದು ನೀವು?” ಎಂದು ಸಭೆಯಿಂದ ಒಬ್ಬರು ಕೇಳಿದರು.

“ಏಳುವುದು ನಸುಕಿನಲ್ಲಿ,” ಎಂದೆ. “ಏಳದಿದ್ದರೆ ಸುಕ್ರಿ ಬಂದು ಬೆನ್ನಿಗೆ ಎರಡು ಬಾರಿಸಿ ಎಬ್ಬಿಸುತ್ತಾಳೆ.”

ಸಭೆ ನರ್ಮದೆಯ ಕಡೆ ನೋಡಿತು. ನರ್ಮದೆ ಚಾವಣಿಯ ಫ್ಯಾನು ನೋಡಿದಳು.

“ಆಹಾರ?”

“ಹಸಿರು ಸೊಪ್ಪು. ಬೇಯಿಸದೆ. ಸಂಜೆಗೆ ತೌಡು ಕಲಸಿದ ಗಂಜಿನೀರು.”

ವಾಕಿಂಗಿನವರು ಪಟಪಟನೆ ಮೊಬೈಲಿನಲ್ಲಿ ಬರೆದುಕೊಂಡರು. “ತೌಡು ಯಾವ ಅಕ್ಕೀದು?” ಎಂದು ಒಬ್ಬರು ಪಕ್ಕದವರನ್ನು ಕೇಳಿದರು.

“ಅಗಿಯೋದು ಹೇಗೆ? ಚೆನ್ನಾಗಿ ಅಗೀಬೇಕು ಅಂತಾರಲ್ಲ?”

“ಮೊದಲು ನುಂಗಿಬಿಡುವುದು. ಆಮೇಲೆ ನೆರಳಿನಲ್ಲಿ ಕೂತು ಅದನ್ನೇ ಮತ್ತೆ ಬಾಯಿಗೆ ತಂದುಕೊಂಡು ನಿಧಾನವಾಗಿ ಅಗಿಯುವುದು.”

“ಹಠಯೋಗದಲ್ಲಿ ಇಂಥದ್ದೊಂದು ಉಂಟು,” ಎಂದು ಮಾಸ್ತರರೊಬ್ಬರು ಗಂಭೀರವಾಗಿ ತಲೆದೂಗಿದರು.

“ಮನಸ್ಸಿನ ಶಾಂತಿಗೆ?” ಈ ಸಲ ಸಂಪದಾ ಮೇಡಂ ತಾವೇ ಕೇಳಿದರು.

“ಮಧ್ಯಾಹ್ನ ಕೆಸರಿನಲ್ಲಿ ಕುತ್ತಿಗೆವರೆಗೆ ಮುಳುಗಿ ಕೂರುವುದು ಮೇಡಂ. ಯಾರು ಕರೆದರೂ ಓಗೊಡಬಾರದು.”

“ವಾಹ್!” ಎಂದರು ಮೇಡಂ. “ಇದಕ್ಕೆ ಮುಂಬೈಯಲ್ಲಿ ಜನ ಎಷ್ಟು ಖರ್ಚು ಮಾಡ್ತಾರೆ ಗೊತ್ತಾ!”

ಅಷ್ಟರಲ್ಲಿ ಬಾಗಿಲ ಹತ್ತಿರದಿಂದ, ಹಾಲು ಕರೆಯುವ ರಾಗದಲ್ಲಲ್ಲ, ಜಗಳದ ರಾಗದಲ್ಲಿ ಸುಕ್ರಿಯ ಧ್ವನಿ ಎದ್ದಿತು.

“ನಿಲ್ಸಿ! ಸೊಪ್ಪು ತಿಂಬೋದು ನಮ್ಮ ಬೆಳ್ಳಿ! ಕೆಸರಲ್ಲಿ ಬೀಳೋದು ನಮ್ಮ ಬೆಳ್ಳಿ! ವಾರವಿಡೀ ಬಾಲಕ್ಕೆ ಆ ವಾಚು ಕಟ್ಕೊಂಡು ಕಷ್ಟಪಟ್ಟದ್ದು ಅದು. ಶಾಲು ಮಾತ್ರ ಇವ್ರಿಗಾ? ಪಾಸಾದ್ರೆ ನೋಡುವಾ ಅಂದ್ರಲ್ಲ ಹೆಗಡೇರೆ? ಆಗಿಂದ ನೋಡ್ತಾನೇ ಇದ್ದೆ ನಾನು!”

“ಬೆಳ್ಳಿ ಯಾರು?” ಎಂದರು ಸಂಪದಾ ಮೇಡಂ.

“ಎಮ್ಮೆ,” ಎಂದಳು ಸುಕ್ರಿ.

ಬರೆದುಕೊಳ್ಳುತ್ತಿದ್ದವರ ಬೆರಳೆಲ್ಲ ನಿಂತವು. ಸಂದೇಶ ಮೈಕು ಕಿತ್ತುಕೊಂಡು, “ಹಾಸ್ಯ! ಹಾಸ್ಯ ಮೇಡಂ! ನಮ್ಮ ಕಡೆ ಜನ್ರಿಗೆ ತಮಾಷೆ ಜಾಸ್ತಿ!” ಎಂದು ನಕ್ಕ. ಜೊತೆಗೆ ಯಾರೂ ನಗಲಿಲ್ಲ.

ಸುಜಯ ನನ್ನ ಹತ್ತಿರ ಬಂದ. ಮುಖ ಬಿಳಿಚಿಕೊಂಡಿತ್ತು. “ಹೌದಾ ಮಾವ?” ಎಂದು ಮೆಲ್ಲಗೆ ಕೇಳಿದ. ಅವನು ನನ್ನನ್ನು ಮಾವ ಎಂದದ್ದು ಅದೇ ಮೊದಲು. ಕೆಳಗೆ ಅರ್ಚಿತಾಳನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಈ ಜನ್ಮದಲ್ಲಿ ಮೊದಲ ಸಲ ನನಗೆ ಸುಳ್ಳು ಹೇಳಬೇಕೆನಿಸಿತು. ಬಾಯಿ ಕೇಳಲಿಲ್ಲ.

“ಹೌದು,” ಎಂದೆ. “ಬಾಲದ ಬುಡಕ್ಕೆ ನಾನೇ ಕಟ್ಟಿದ್ದೆ.”

“ಇಲ್ಲ ಅನ್ನು,” ಎಂದು ಸಂದೇಶ ಅವನ ಕಿವಿಯಲ್ಲಿ ಹೇಳಿದ್ದು ಮೂರನೇ ಸಾಲಿನವರೆಗೆ ಕೇಳಿಸಿತು. “ಅಜ್ಜಿಗೆ ತಲೆ ಸರಿ ಇಲ್ಲ ಅನ್ನು. ಬಂಡವಾಳ ಹೋಗ್ತದೆ, ಸುಜಯ!”

ಸುಜಯ ಅವನ ಕೈಯಿಂದ ಮೈಕು ತೆಗೆದುಕೊಂಡ. ಆ ಹುಡುಗ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

“ಬಾಗಿಲ ಹತ್ರ ನಿಂತ ಆ ಅಮ್ಮ ಹೇಳಿದ್ದು ನಿಜ. ತಪ್ಪು ಎಮ್ಮೆದಲ್ಲ, ಹೆಗಡೇರದ್ದೂ ಅಲ್ಲ, ನಮ್ಮದು. ಮನುಷ್ಯ ಯಾರು, ಎಮ್ಮೆ ಯಾವುದು ಅಂತ ನಾವು ಮಾಡಿದ್ದಕ್ಕೆ ಗೊತ್ತಾಗ್ಲಿಲ್ಲ. ಬಸ್ಸಿನಲ್ಲಿ ಕೂತವರನ್ನೂ ಅದು ಓಡಿದರು ಅಂತದೆ. ಅದು ನಂಗೆ ಮೊದಲೇ ಗೊತ್ತಿತ್ತು, ಹೇಳಿರಲಿಲ್ಲ. ಹಾಕಿಕೊಂಡವರಲ್ಲಿ ಹೆಚ್ಚಿನವರು ಎರಡನೇ ದಿನ ತೆರೆಯೋದಿಲ್ಲ. ಅವತ್ತು ಹೆಗಡೇರು ಕೇಳಿದಾಗ ಬನ್ಸ್ ಬಂತು, ಉತ್ತರ ಬರಲಿಲ್ಲ. ಭಟ್ಕಳದ ಸಾಹೇಬರಿಗೆ ಆಗ ಕಾಮಾಲೆ ಅಂತ ನಂಗೆ ಮೊನ್ನೆ ಗೊತ್ತಾಯ್ತು. ಫೋಟೋ ಇವತ್ತೇ ತೆಗೀತೇನೆ. ಮೇಡಂ, ಇಷ್ಟು ಕೇಳಿದ ಮೇಲೆ ನೀವು ಬಂಡವಾಳ ಹಾಕದಿದ್ರೆ ನಂಗೆ ಬೇಸರ ಇಲ್ಲ.”

ಸಂಪದಾ ಮೇಡಂ ಗಡಿಯಾರ ನೋಡಿ, ರೈಲಿಗೆ ಹೊತ್ತಾಯಿತು ಎಂದರು. ಓಟದ ಶೂ ಹಾಕಿಕೊಂಡು ಬಂದದ್ದು ಸಾರ್ಥಕವಾಯಿತು. ಸಂದೇಶ ಹೂಗುಚ್ಛ ಹಿಡಿದು ಅವರ ಹಿಂದೆಯೇ ಸ್ಟೇಶನ್ನಿನ ಕಡೆ ಓಡಿದ. ಆ ದಿನ ಆ ಕಂಪನಿಯಲ್ಲಿ ನಿಜವಾಗಿ ಓಡಿದವನು ಅವನೊಬ್ಬನೇ.

ಶಂಭು ಭಾವ ಎದ್ದು ನಿಂತ. ಅವನ ಮುಖ ಕವಳಕ್ಕಿಂತ ಕೆಂಪಾಗಿತ್ತು. “ಮುಳುಗ್ತಲ್ಲೋ ಕಮಲಾಕರಾ! ನಾಳೆ ಅಲ್ಲ, ಇವತ್ತೇ, ಕಣ್ಣೆದುರಿಗೇ ಮುಳುಗ್ತು! ಮೊದಲು ನೀ ಎಮ್ಮೆ ಲೆಕ್ಕ ತೋರ್ಸಿ ನಂಗೆ ಮರ್ಲು ಮಾಡ್ದೆ. ಈಗ ಹೇಳು, ಇದ್ದದ್ದು ಇದ್ದ ಹಾಂಗೆ ಹೇಳು. ಎಂತ ನಿನ್ನ ರಿಪೋರ್ಟು?”

ಇಡೀ ಸಭೆ ನನ್ನತ್ತ ತಿರುಗಿತು. ಅರ್ಚಿತಾ ತಲೆ ತಗ್ಗಿಸಿದ್ದಳು. ನಾನು ಶಾಲು ತೆಗೆದು ಮೇಜಿನ ಮೇಲಿಟ್ಟೆ. ಸುಪರ್ವೈಸರ್ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡೆ.

“ಕಂಪನಿ ಗೊಡ್ಡು,” ಎಂದೆ. “ಕೆಚ್ಚಲು ಮಾತ್ರ ಇದ್ದು, ಹಾಲಿಲ್ಲೆ. ಸಾಲ ಕೊಡ್ಲಾಗ.”

ಅರ್ಚಿತಾಳ ತಲೆ ಇನ್ನೂ ತಗ್ಗಿತು.

“ಆದ್ರೆ ಹುಡುಗ ಒದೆಯೋ ಕಾಲು ಯಾವುದು ಹೇಳಿ ಊರೆದುರು ತಾನೇ ತೋರ್ಸಿದ್ದ. ಅಂಥವನ್ನ ನಾನು ಇಡೀ ಸರ್ವೀಸಿನಲ್ಲಿ ನೋಡಿದ್ದಿಲ್ಲೆ. ಕೂಸನ್ನ ಕಣ್ಣು ಮುಚ್ಚಿ ಕೊಡು.”

“ಕಂಪನಿ ಗೊಡ್ಡು ಹೇಳ್ತೆ, ಹುಡುಗಂಗೆ ಕೂಸು ಕೊಡು ಹೇಳ್ತೆ! ಎಂತ ಮಾತಿದು?”

“ಗೊಡ್ಡು ಎಮ್ಮೆ ಕೊಟ್ಟು ಬೇರೆ ತರ್ಲಕ್ಕು ಭಾವ. ಸುಳ್ಳು ಹೇಳೋ ಅಳಿಯನ್ನ ಕೊಟ್ಟು ಬೇರೆ ತರೂಲೆ ಯಾವ ಸಂಘದಲ್ಲೂ ಅವಕಾಶ ಇಲ್ಲೆ.”

ಭಾವ ವೇದಿಕೆಯ ಕಡೆ ತಿರುಗಿದ. ಸುಜಯನನ್ನು ನೋಡಿದ. ಗದ್ದೆಯ ಮಣ್ಣಿನ ಹಾಗೆ ಮುಟ್ಟಿ ನೋಡಲು ಕೊನೆಗೂ ಭಾವನಿಗೆ ಏನೋ ಸಿಕ್ಕಿತ್ತು. “ಆತು,” ಎಂದು ಕೂತ. ಸಭೆ ಯಾಕೆ ಎಂದು ಗೊತ್ತಿಲ್ಲದೆಯೂ ಚಪ್ಪಾಳೆ ತಟ್ಟಿತು. ಅರ್ಚಿತಾ ಅತ್ತಳು, ನರ್ಮದೆಯೂ ಅತ್ತಳು, ನನ್ನ ಕಣ್ಣಿಗೂ ಏನೋ ಬಿತ್ತು. ಸುಕ್ರಿ ಮಾತ್ರ ನೆಟ್ಟಗೆ ವೇದಿಕೆಗೆ ಬಂದು, ಶಾಲನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ನಡೆದಳು. ಸಂಜೆ ಅದನ್ನು ಬೆಳ್ಳಿಗೆ ಹೊದಿಸಿದಳಂತೆ. ಬೆಳ್ಳಿ ಅದರ ಒಂದು ಅಂಚನ್ನು ತಿಂದಿತು.

ನಿಶ್ಚಯ ಆಷಾಢಕ್ಕೆ ಮೊದಲೇ ಆಯಿತು. ಸಂದೇಶ ಬೇರೆ ಕಂಪನಿ ಹುಡುಕಿಕೊಂಡ. ಸುಜಯ ಒಬ್ಬನೇ ಕೂತು ಆಪನ್ನು ತಿದ್ದಿದ. ಒಂದು ಬೆಳಿಗ್ಗೆ ಅರ್ಚಿತಾಳೊಡನೆ ನಮ್ಮಲ್ಲಿಗೆ ತಿಂಡಿಗೆ ಬಂದ. ಈಗ ಅದಕ್ಕೆ ಬಸ್ಸೂ ಗೊತ್ತಾಗುತ್ತದೆ, ಎಮ್ಮೆಯೂ ಗೊತ್ತಾಗುತ್ತದೆ ಎಂದು ಹೇಳಿ ಕೈಪಟ್ಟಿಯನ್ನು ನನಗೆ ಮತ್ತೆ ಕಟ್ಟಿದ. ನಾನು ಹೆಮ್ಮೆಯಿಂದ ಕೈ ಚಾಚಿ, ಇನ್ನೊಂದು ಕೈಯಲ್ಲಿ ತೆಳ್ಳೇವಿಗೆ ಜೋನಿಬೆಲ್ಲ ಹಚ್ಚುತ್ತ ಕಾದೆ.

“ನಮಸ್ಕಾರ ಕಮಲಾಕರ ಹೆಗಡೆಯವರೇ,” ಎಂದಿತು ಮೊಬೈಲು. ಮರ್ಯಾದೆ ಕಲಿತಿತ್ತು. “ನಿಮ್ಮ ದೇಹದ ವಯಸ್ಸು ಎಪ್ಪತ್ತೊಂಬತ್ತು.”

“ನೋಡು ತಮ್ಮಾ,” ಎಂದೆ ಉದಾರವಾಗಿ. “ನೀ ಎಲ್ಲಾ ಸರಿ ಮಾಡಿದ್ದೆ, ಈ ಒಂದು ತಪ್ಪು ಉಳ್ಕಂಡಿದ್ದು.”

ಸುಜಯ ಮೊಬೈಲು ನೋಡಿದ. ನನ್ನನ್ನು ನೋಡಿದ. ನನ್ನ ತಟ್ಟೆ ನೋಡಿದ. ಪಾಪ, ಬೇರೆ ಯಾರಾದರೂ ಆಗಿದ್ದರೆ ಆ ಹೊತ್ತಿನಲ್ಲಿ ಒಂದು ಸಣ್ಣ ಸುಳ್ಳು ಹೇಳಿ ಪುಣ್ಯ ಕಟ್ಟಿಕೊಳ್ಳುತ್ತಿದ್ದರು.

“ಇಲ್ಲೆ ಮಾವ,” ಎಂದ. “ಶುರುವಿಂದ ಅದೊಂದೇ ಸರಿ ಇತ್ತು.”

ನರ್ಮದೆ ಕಾವಲಿ ಬಿಟ್ಟು ಬಂದಳು. ನನ್ನ ಮುಂದಿದ್ದ ಜೋನಿಬೆಲ್ಲದ ಬಟ್ಟಲನ್ನು ಎತ್ತಿ ಅವನ ಮುಂದಿಟ್ಟಳು.